ಹರಿಹರದ ಹುಡುಗಿಗೆ ನಾನು ಬರೆದ ನಂಬರು

ನಾನು ಮೊದಲು ಕೆಲಸಕ್ಕೆ ಸೇರಿದ ದತ್ತಿ ಆಸ್ಪತ್ರೆ ಈಗ ಇಲ್ಲ. ದಾವಣಗೆರೆಯ ಹಳೇ ಪೇಟೆಯಲ್ಲಿ, ಒಂದು ಹತ್ತಿ ಗೋದಾಮಿಗೆ ಅಂಟಿಕೊಂಡಂತೆ ಇತ್ತು. ಕಿಟಕಿ ತೆಗೆದರೆ ಅರಳೆಯ ಎಳೆಗಳು ಹಾರಿ ಬಂದು ಮಸಿ ಕುಡಿಕೆಯಲ್ಲಿ ಬೀಳುತ್ತಿದ್ದವು, ಮುಚ್ಚಿದರೆ ಸೆಕೆ. ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಒಳ್ಳೇ ಮಾರ್ಕು ಬಂದಿದೆ ಅನ್ನುವ ಒಂದೇ ಕಾರಣಕ್ಕೆ ದೊಡ್ಡ ಡಾಕ್ಟರು ಒಂದು ದಿನ ನನ್ನನ್ನು ಕರೆದು, ಟೈಪು ಮಾಡಿದ ದಪ್ಪನೆಯ ಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟರು.

"ಇನ್ಮೇಲೆ ರೋಗದ ಹೆಸರು ಬರೆದ್ರೆ ಸಾಲದಂತೆ. ಹೆಸರಿನ ಪಕ್ಕ ನಂಬರ್ ಹಾಕ್ಬೇಕಂತೆ. ಇದು ನಿನ್ನ ಕೆಲ್ಸ," ಅಂದರು.

ಮನುಷ್ಯನಿಗೆ ಬರುವ ರೋಗಗಳಿಗೆಲ್ಲ ಒಂದೊಂದು ನಂಬರು ಕೊಟ್ಟಿದ್ದ ಪಟ್ಟಿ ಅದು. ಎಲ್ಲ ದೇಶದವರೂ ಕೂತು ಮಾಡಿದ್ದು ಅಂತ ಡಾಕ್ಟರು ಹೇಳಿದರು. ಡಾಕ್ಟರು ಚೀಟಿಯಲ್ಲಿ ಬರೆದ ರೋಗದ ಹೆಸರನ್ನು ನಾನು ಪಟ್ಟಿಯಲ್ಲಿ ಹುಡುಕಬೇಕು, ಅದರ ನಂಬರನ್ನು ರಿಜಿಸ್ಟರಿಗೆ ಏರಿಸಬೇಕು, ತಿಂಗಳ ಕೊನೆಗೆ ಎಲ್ಲವನ್ನೂ ಸೇರಿಸಿ ದುರ್ಗದಲ್ಲಿದ್ದ ಮೇಲಿನ ಕಚೇರಿಗೆ ಕಳಿಸಬೇಕು. ಕೇಳಲಿಕ್ಕೆ ಸಲೀಸು. ಆದರೆ ಡಾಕ್ಟರ ಕೈಬರಹ ಕೋಳಿ ಕೆರೆದ ಹಾಗೆ. ಅದನ್ನು ಹೇಗೋ ಓದಿಕೊಂಡರೆ, ಒಂದೇ ರೋಗ ಪಟ್ಟಿಯ ಮೂರು ಕಡೆ ಸಿಗುತ್ತಿತ್ತು. ಬೇರೆ ಬೇರೆ ಷರತ್ತು, ಬೇರೆ ಬೇರೆ ನಂಬರು. ತಿಳಿಯದೆ ಖಾಲಿ ಬಿಟ್ಟರೆ ಮೇಲಿನ ಕಚೇರಿಯವರು ಇಡೀ ತಖ್ತೆಯನ್ನೇ ವಾಪಸು ಕಳಿಸುತ್ತಿದ್ದರು, ಖಾಲಿ ಜಾಗದ ಸುತ್ತ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿ. ಆ ಸೊನ್ನೆಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಲ್ಲಿ ಕೂತವನು ಒಬ್ಬ ರೋಗಿಯ ಮುಖವನ್ನೂ ನೋಡಿದವನಲ್ಲ. ಹಾಗೆ ನೋಡಿದರೆ ನಾನೂ ಹೆಚ್ಚು ನೋಡುತ್ತಿರಲಿಲ್ಲ.

ಇಲ್ಲೊಂದು ಸಂಗತಿ ಹೇಳಿಬಿಡುತ್ತೇನೆ. ನಾನು ಹನ್ನೊಂದು ವರ್ಷದವನಾಗುವವರೆಗೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಬೆಳಗ್ಗೆ ನಾನು ಏಳುವುದರೊಳಗೆ ಅವ್ವ ನನ್ನ ಕೌದಿಯನ್ನು ಎಳೆದುಕೊಂಡು ಹೋಗಿ ಹಿತ್ತಲಲ್ಲಿ ಹಿಂಡಿ, ಅಕ್ಕಪಕ್ಕದವರಿಗೆ ಕಾಣದಂತೆ ಸೌದೆಯ ಒಟ್ಟಿಲ ಮೇಲೆ ಹರವುತ್ತಿದ್ದಳು. ಸೋದರಮಾವ ಬಂದಾಗಲೆಲ್ಲ ಎಲ್ಲರ ಎದುರಿಗೆ "ಏನಪಾ, ನಿನ್ನೆ ಎಷ್ಟು ಎಕರೆಗೆ ನೀರು ಕಟ್ಟಿದಿ?" ಅಂತ ಕೇಳಿ ನಗುತ್ತಿದ್ದ. ಯಾರೂ ಔಷಧಿ ಕೊಡಿಸಲಿಲ್ಲ, ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಒಂದು ಬೇಸಿಗೆಯಲ್ಲಿ ತಾನಾಗಿಯೇ ನಿಂತಿತು. ನಿಂತ ಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ನಾನಂತೂ ಮದುವೆಯಾದ ಮೇಲೆ ಹೆಂಡತಿಗೂ ಹೇಳಿರಲಿಲ್ಲ. ಆ ಕಾಯಿಲೆ ಏನು, ಅದರ ನಾಚಿಕೆ ಏನು ಅನ್ನುವುದು ಗೊತ್ತಿದ್ದವನೇ ಮುಂದೆ ಹೇಳುವ ಕೆಲಸ ಮಾಡಿದೆ ಅನ್ನುವುದಕ್ಕೆ ಇದನ್ನು ಇಲ್ಲಿ ಹೇಳಬೇಕಾಯಿತು.

ಶಾಲೆಗಳು ಶುರುವಾದ ತಿಂಗಳು. ಹರಿಹರದಿಂದ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಮುಸ್ಲಿಮರ ಮನೆಯವರು. ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವನು, ಬೆಂಕಿ ಊದುವ ತಿದಿ ಹೊತ್ತುಕೊಂಡು ಮಲೆಬೆನ್ನೂರಿನ ಕಡೆಯ ಹಳ್ಳಿಗಳನ್ನೆಲ್ಲ ತಿರುಗುವವನು. ಹುಡುಗಿಗೆ ಹದಿನೇಳು. ಅವರ ಮನೆತನದಲ್ಲಿ ಹೈಸ್ಕೂಲು ಮುಗಿಸಿದವಳು ಅವಳೊಬ್ಬಳೇ, ಅದೂ ಒಳ್ಳೇ ಮಾರ್ಕು ತೆಗೆದು. ದಾವಣಗೆರೆಯ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲೂ ಸಿಕ್ಕಿತ್ತು. ಸೇರಿದ ಮೊದಲ ವಾರದಲ್ಲೇ ಎರಡು ಸಲ ಹಾಸಿಗೆ ಒದ್ದೆಯಾಗಿದೆ. ಮೇಲ್ವಿಚಾರಕಿ ಅವಳನ್ನು ಮನೆಗೆ ಕಳಿಸಿ, ಡಾಕ್ಟರ ಸರ್ಟಿಫಿಕೇಟು ತಂದರೆ ಮಾತ್ರ ಒಳಗೆ ಸೇರಿಸುವುದು ಅಂದಿದ್ದಾಳೆ.

ತಾಯಿ ಇದನ್ನೆಲ್ಲ ನನ್ನ ಮೇಜಿನ ಹತ್ತಿರ ಬಗ್ಗಿ, ದನಿ ಇಳಿಸಿ ಹೇಳಿದಳು. "ಹುಡುಗಿ ಭಾಳ ಶಾಣ್ಯಾ ಅದಾಳ್ರಿ ಸಾಹೇಬ್ರೆ. ಏನೋ ಗ್ರಾಚಾರ. ಒಂದು ಕಾಗದ ಬರದು ಕೊಟ್ಬಿಡ್ರಿ, ಪುಣ್ಯ ಬರ್ತೈತೆ." ಹುಡುಗಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಕಿವಿ ಕೆಂಪಾಗಿದ್ದು ಮಾತ್ರ ನನಗೆ ಕಂಡಿತು.

ಅವತ್ತು ಹೊರಗೆ ನೂರಾರು ಜನ. ಡಾಕ್ಟರು ಅವಳನ್ನು ನೋಡಿದ್ದು ಎರಡು ನಿಮಿಷ. ಜ್ವರ ಇದೆಯಾ, ಇಲ್ಲ. ಫಿಟ್ಸು ಬರುತ್ತಾ, ಇಲ್ಲ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಪದ ಗೀಚಿದರು. ನಿದ್ದೆಯಲ್ಲಿ ಮೂತ್ರ ಹೋಗುವುದಕ್ಕೆ ಡಾಕ್ಟರುಗಳು ಹೇಳುವ ಪದ ಅದು. ಸರ್ಟಿಫಿಕೇಟಿನ ಫಾರಂ ಹೊಸದು, ಅದರಲ್ಲೂ ನಂಬರಿಗೆ ಒಂದು ಕಾಲಮ್ಮು ಮಾಡಿದ್ದರು.

ಪಟ್ಟಿ ತೆಗೆದು ನೋಡಿದೆ. ಆ ಪದ ಎರಡು ಕಡೆ ಇತ್ತು. ಒಂದು, ಮೂತ್ರಕ್ಕೆ ಸಂಬಂಧಪಟ್ಟ ಲಕ್ಷಣಗಳ ಗುಂಪಿನಲ್ಲಿ. ಇನ್ನೊಂದು, ಮನಸ್ಸಿನ ರೋಗಗಳ ಗುಂಪಿನಲ್ಲಿ, ಬಲಿಯದ ಸ್ವಭಾವ ಅನ್ನುವ ಅರ್ಥದ ಒಂದು ತಲೆಬರಹದ ಕೆಳಗೆ. ಹಿಂದಿನ ತಿಂಗಳು ಬೇರೊಂದು ಮಗುವಿಗೆ ನಾನು ಮೊದಲನೆಯ ನಂಬರು ಹಾಕಿದ್ದೆ. ಮೇಲಿನ ಕಚೇರಿಯವರು ಅದನ್ನು ಹೊಡೆದುಹಾಕಿ, 'ಇದು ಲಕ್ಷಣ, ರೋಗವನ್ನು ಬರೆಯಿರಿ' ಅಂತ ಷರಾ ಬರೆದು ವಾಪಸು ಕಳಿಸಿದ್ದರು. ಪಟ್ಟಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ.

"ಸರ್, ಇದು ಎರಡು ಕಡೆ ಐತೆ. ಯಾವ್ದು ಹಾಕ್ಲಿ?"

ಡಾಕ್ಟರು ಒಬ್ಬ ಮುದುಕನ ಕಣ್ಣಿನ ರೆಪ್ಪೆ ಎತ್ತಿ ಹಿಡಿದಿದ್ದರು. "ಕಿಡ್ನಿ ರೋಗ ಅಂತ ನಾನು ಬರೆದಿಲ್ಲ ತಾನೇ? ಯಾವ್ದು ಹಾಕಿದ್ರೆ ವಾಪಸ್ ಬರೋದಿಲ್ವೋ ಅದನ್ನ ಹಾಕು. ಹೋಗಪ್ಪ."

ಹೊರಗೆ ಬಂದು ಎರಡನೆಯ ನಂಬರನ್ನು ಬರೆದೆ. ಕೈ ಒಂದು ಕ್ಷಣ ತಡೆಯಿತು ಅಂತ ಹೇಳಿಕೊಳ್ಳಬಹುದು. ತಡೆದಿರಲೂಬಹುದು. ಆದರೆ ಬರೆದೆ. ಮೊಹರು ಒತ್ತಿ ತಾಯಿಯ ಕೈಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

ಹತ್ತು ದಿನದ ಮೇಲೆ ಇಬ್ಬರೂ ಮತ್ತೆ ಬಂದರು. ಈ ಸಲ ತಾಯಿ ಹಿಂದೆ, ಹುಡುಗಿ ಮುಂದೆ. ಅವಳು ತರಬೇತಿ ಶಾಲೆಯಿಂದ ಬಂದ ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿ ಇಟ್ಟಳು. ಆ ಶಾಲೆಯ ಕಚೇರಿಯಲ್ಲೂ ನನ್ನದರಂಥದೇ ಪಟ್ಟಿ ಇತ್ತಂತೆ. ಸರ್ಟಿಫಿಕೇಟಿನ ನಂಬರನ್ನು ಯಾರೋ ಅದರಲ್ಲಿ ಹುಡುಕಿದ್ದಾರೆ. ಅಭ್ಯರ್ಥಿಗೆ ಮಾನಸಿಕ ರೋಗವಿರುವುದು ವೈದ್ಯರಿಂದ ದೃಢಪಟ್ಟಿರುವುದರಿಂದ ಮಕ್ಕಳಿಗೆ ಪಾಠ ಹೇಳುವ ವೃತ್ತಿಗೆ ಅರ್ಹಳಲ್ಲ, ಪ್ರವೇಶ ರದ್ದು ಮಾಡಿದೆ ಅಂತ ಕಾಗದದಲ್ಲಿತ್ತು.

"ನಾನು ಹುಚ್ಚಿ ಅಂತ ಬರೆದೀರೇನ್ರಿ?" ಅಂತ ಹುಡುಗಿ ಕೇಳಿದಳು.

"ಹಂಗಲ್ಲ ತಂಗಿ. ಅದು ಬರೀ ಒಂದು ನಂಬರು."

"ಆ ನಂಬರ್ ಬರೆದೋರು ಯಾರು?"

ಅವಳ ಕಣ್ಣನ್ನು ನೋಡಲಿಕ್ಕೆ ಆಗಲಿಲ್ಲ. "ಡಾಕ್ಟ್ರು ಹೇಳಿದ್ದನ್ನ ಬರೀತೀವಿ," ಅಂದೆ. ಪೂರಾ ಸುಳ್ಳಲ್ಲ, ನಿಜವಂತೂ ಅಲ್ಲ. ತಾಯಿ ಅಳಲಿಕ್ಕೆ ಶುರು ಮಾಡಿದಳು. "ಹುಡುಗಿಗೆ ಸಂಬಂಧ ನೋಡೋ ವಯಸ್ಸು ಸಾಹೇಬ್ರೆ. ಓಣಿಯಾಗೆ ಗೊತ್ತಾದ್ರೆ ಮುಗೀತು. ತಿದ್ದಿ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ಹುಡುಗಿ ತಾಯಿಯ ರಟ್ಟೆ ಹಿಡಿದು, "ಕಾಲಿಗೆ ಬೀಳಬ್ಯಾಡ ಅಮ್ಮೀ, ತಪ್ಪು ಅವರದು," ಅಂದಳು.

ತಿದ್ದಿಸುತ್ತೇನೆ ಅಂತ ಮಾತು ಕೊಟ್ಟೆ. ಒಂದು ವಾರದ ಕೆಲಸ ಅಂದುಕೊಂಡಿದ್ದೆ.

ಡಾಕ್ಟರ ಹತ್ತಿರ ಹೋದರೆ ಅವರು ರೇಗಿದರು. "ಕೊಟ್ಟ ಸರ್ಟಿಫಿಕೇಟನ್ನ ತಿದ್ದೋದಾ? ನಾಳೆ ನನ್ನನ್ನ ಸುಳ್ಳು ಬರೆಯೋ ಡಾಕ್ಟರ್ ಅಂತಾರೆ. ನಂಬರ್ ನಿನ್ನ ಕೆಲ್ಸ, ಮೇಲಿನೋರನ್ನ ಕೇಳ್ಕೋ." ಮೇಲಿನವರಿಗೆ ಕಾಗದ ಬರೆದೆ, ಉತ್ತರವಿಲ್ಲ. ಇನ್ನೊಂದು ಬರೆದೆ. ಕೊನೆಗೆ ರಜೆ ಹಾಕಿ ಬಸ್ಸು ಹತ್ತಿ ದುರ್ಗಕ್ಕೇ ಹೋದೆ. ಅಲ್ಲಿದ್ದ ಗುಮಾಸ್ತರು ವಯಸ್ಸಾದವರು, ಮರ್ಯಾದಸ್ಥರು. "ಬರ್ರಿ, ಕೂಡ್ರಿ," ಅಂದು ಕೂಡಿಸಿ ಚಹಾ ತರಿಸಿದರು. ಎಲ್ಲ ಕೇಳಿದರು. ಕೇಳಿ, ತಮ್ಮ ಪಟ್ಟಿ ತೆಗೆದು, ಬೆರಳಿಟ್ಟು ತೋರಿಸಿದರು.

"ನಂಬರ್ ಸರಿಯಾಗೇ ಐತಲ್ರಿ. ಪುಸ್ತಕದಾಗೆ ಐತೆ."

"ಪುಸ್ತಕದಾಗೆ ಐತೆ, ಆದ್ರೆ ಹುಡುಗಿಗೆ ಅದಿಲ್ರಿ."

"ಅದನ್ನ ಡಾಕ್ಟ್ರು ಹೇಳ್ಬೇಕು. ರೋಗ ಬೇರೆ ಅಂತ ಅವರು ಬರೆದ್ರೆ ನಂಬರ್ ತಾನೇ ಬದಲಾಗ್ತೈತೆ. ನಂಬರ್ ಬದಲಾಯ್ಸೋಕೆ ನಾನ್ಯಾರು?"

ಡಾಕ್ಟರು ನಂಬರನ್ನು ನನ್ನ ಮೇಲೆ ಹಾಕಿದ್ದರು, ಇವರು ರೋಗವನ್ನು ಡಾಕ್ಟರ ಮೇಲೆ ಹಾಕಿದರು. ವಾಪಸು ಬರುವಾಗ ಬಸ್ಸು ಆನಗೋಡಿನ ಹತ್ತಿರ ಕೆಟ್ಟು ನಿಂತಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಎರಡು ತಾಸು ಕೂತಿದ್ದೆ. ಚಹಾ ಕೊಟ್ಟ ಆ ಮನುಷ್ಯನ ಮೇಲೆ ಯಾಕೆ ಅಷ್ಟು ಸಿಟ್ಟು ಬಂದಿತ್ತೋ. ಅವರು ಗದರಿ ಓಡಿಸಿದ್ದರೂ ವಾಸಿಯಿತ್ತು ಅನ್ನಿಸುತ್ತಿತ್ತು. ಎಲ್ಲರೂ ಒಳ್ಳೆಯವರೇ, ಎಲ್ಲರೂ ನಿಯಮದ ಪ್ರಕಾರವೇ. ಹುಡುಗಿ ಮಾತ್ರ ಹರಿಹರದಲ್ಲಿ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಹರಿಹರದಲ್ಲಿ ಆಗ ಒಬ್ಬ ಲೇಡಿ ಡಾಕ್ಟರು ಇದ್ದರು. ಹೊಳೆಯ ಕಡೆ ಹೋಗುವ ದಾರಿಯಲ್ಲಿ, ಎರಡು ಕೋಣೆಯ ಸಣ್ಣ ದವಾಖಾನೆ. ಹೆರಿಗೆಗೆ ಹೆಸರಾದವರು, ಬಾಯಿ ಸ್ವಲ್ಪ ಜೋರು. ಒಂದು ಭಾನುವಾರ ನಾನೇ ಹೋಗಿ ತಾಯಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಬಾಗಿಲ ಪರದೆ ಎಳೆದರು. ಪರದೆ ತೆಳುವಾಗಿತ್ತು, ಮಾತು ಕೇಳುತ್ತಿತ್ತು.

"ಸಣ್ಣೋಳಿದ್ದಾಗಿಂದ ಹಿಂಗೇನಾ?"

"ಇಲ್ರಿ. ಐದಾರು ವರ್ಷಕ್ಕೆ ನಿಂತಿತ್ತು. ಮತ್ತೆ ಶುರುವಾಗಿದ್ದು ಪರೀಕ್ಷೆ ಟೈಮಿನಾಗೆ."

"ಹಗಲು ಹೋಗುವಾಗ ಉರಿ ಐತಾ?"

"ಹೂಂ," ಅಂದಳು.

"ಯಾರಿಗೂ ಯಾಕ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಆಮೇಲೆ ಒಂದೊಂದೇ ಹೊರಬಿತ್ತು. ಅವಳು ಓದಿದ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಪಾಯಿಖಾನೆಯೇ ಇರಲಿಲ್ಲ. ಗಂಡುಹುಡುಗರು ಗೋಡೆಯ ಹಿಂದೆ ಹೋಗುತ್ತಿದ್ದರು, ಅವಳ ತರಗತಿಯ ನಾಲ್ಕು ಹುಡುಗಿಯರು ಬೆಳಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡು ಕೂರುತ್ತಿದ್ದರು. ಹೋಗಬೇಕಾಗುತ್ತದಲ್ಲ ಅಂತ ಹಗಲೆಲ್ಲ ನೀರು ಕುಡಿಯುತ್ತಲೇ ಇರಲಿಲ್ಲ. ಎಸ್ಸೆಸ್ಸೆಲ್ಸಿಯ ವರ್ಷ ಸಾಯಂಕಾಲ ಸ್ಪೆಷಲ್ ಕ್ಲಾಸು ಬೇರೆ. ಡಾಕ್ಟರು ಮೂತ್ರವನ್ನು ಶೀಷೆಯಲ್ಲಿ ತೆಗೆದುಕೊಂಡು, ಒಳಗಿನ ಕೋಣೆಯ ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿ ಬಂದರು. ನನ್ನನ್ನು ಒಳಗೆ ಕರೆದರು.

"ಮೂತ್ರದಲ್ಲಿ ಕೀವು ಇದೆ. ಮೂತ್ರಕೋಶಕ್ಕೆ ನಂಜಾಗಿದೆ. ಮೂರು ವಾರ ಮಾತ್ರೆ ತಗೊಂಡು ನೀರು ಕುಡಿದ್ರೆ ಹೋಗುತ್ತೆ. ಇದಕ್ಕೆ ಹುಚ್ಚಿನ ನಂಬರ್ ಹಾಕಿದ ಮಹಾನುಭಾವ ಯಾರ್ರೀ?"

ಹುಡುಗಿಯೂ ತಾಯಿಯೂ ನನ್ನ ಕಡೆ ನೋಡಿದರು. ಇನ್ನೊಂದು ಸುಳ್ಳಿಗೆ ನನ್ನಲ್ಲಿ ತ್ರಾಣವಿರಲಿಲ್ಲ.

"ನಾನೇ ರೀ," ಅಂದೆ.

ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೈಯಲಿಲ್ಲ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು. ದಾರಿಯಲ್ಲಿ ಬರುವಾಗ ಹುಡುಗಿಗೆ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. ಹನ್ನೊಂದು ವರ್ಷದವರೆಗೆ ನಾನೂ ಹೀಗೇ ಇದ್ದೆ, ನಿನ್ನ ಸಂಕಟ ನನಗೆ ಗೊತ್ತು ತಂಗಿ ಅಂದೆ. ಅವಳಿಗೆ ಸ್ವಲ್ಪ ಸಮಾಧಾನವಾದೀತು ಅಂತ ನನ್ನ ಲೆಕ್ಕ.

ಅವಳು ನಿಂತುಬಿಟ್ಟಳು. "ಗೊತ್ತಿದ್ದೂ ಬರೆದ್ರಾ?" ಅಂದಳು. ಆಮೇಲೆ, ನಡೆಯುತ್ತ, "ನಿಮಗೆ ಆದಾಗ ಯಾರೂ ಮೊಹರು ಒತ್ತಿ ಕಾಗದ ಕೊಡ್ಲಿಲ್ಲ," ಅಂದಳು.

ಅವರ ಓಣಿಯ ತಿರುವು ಬಂದಾಗ ತಾಯಿ, "ನೀವು ಇಲ್ಲೇ ನಿಂತ್ಕೊಳ್ರಿ, ನೋಡಿದೋರು ಏನರ ಅಂತಾರೆ," ಅಂದಳು.

ಮೂರು ವಾರಕ್ಕೆ ಕಾಯಿಲೆ ಹೋಯಿತು. ನಂಬರು ಹೋಗಲಿಲ್ಲ. ಅದನ್ನು ಕೊಟ್ಟ ಆಸ್ಪತ್ರೆಯೇ ತಿದ್ದಬೇಕಿತ್ತು. ಲೇಡಿ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನಮ್ಮ ಡಾಕ್ಟರ ಮುಂದೆ ಇಟ್ಟರೆ, ಅವರು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಮೂರನೇ ದಿನ ಹುಡುಗಿಯನ್ನು ಇಲ್ಲಿಗೇ ಕರೆಸು, ನಾನೇ ಮತ್ತೆ ನೋಡಬೇಕು ಅಂದರು. ಬಂದಳು. ಕಾಯಿಲೆ ವಾಸಿಯಾಗಿತ್ತಲ್ಲ, ಮೂತ್ರದಲ್ಲಿ ಏನೂ ಸಿಗಲಿಲ್ಲ. "ಕೀವು ಎಲ್ಲಿದೆ? ಇಲ್ವಲ್ಲ," ಅಂದರು ಡಾಕ್ಟರು. ನಾನು ಅವತ್ತು ಅವರ ಕೋಣೆಯಲ್ಲಿ ನಿಂತು ದನಿ ಎತ್ತಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಎರಡು ನಿಮಿಷದ ಬದಲು ಐದು ನಿಮಿಷ ನೋಡಿದ್ದರೆ ಅವತ್ತೇ ಸಿಗುತ್ತಿತ್ತು ಅಂದದ್ದು ನೆನಪಿದೆ. ಹೊರಗೆ ಸಾಲಿನಲ್ಲಿದ್ದವರು ಬಾಗಿಲ ಹತ್ತಿರ ಬಂದು ಇಣುಕಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಷ್ಟು ಜನರನ್ನು ನೋಡುವ ಒಬ್ಬನೇ ಮನುಷ್ಯ. "ಬರ್ಕೊಂಡು ಬಾ, ಸಹಿ ಹಾಕ್ತೀನಿ," ಅಂದರು. ಮರುದಿನ ನನ್ನನ್ನು ಔಷಧಿ ಉಗ್ರಾಣಕ್ಕೆ ಹಾಕಿದರು. ಪಟ್ಟಿ ಬೇರೊಬ್ಬ ಗುಮಾಸ್ತರ ಕೈಗೆ ಹೋಯಿತು.

ಹೊಸ ಸರ್ಟಿಫಿಕೇಟು ಹಿಡಿದು ತರಬೇತಿ ಶಾಲೆಗೆ ಹೋದಾಗ ಸೀಟು ಇನ್ನೊಬ್ಬಳಿಗೆ ಕೊಟ್ಟು ತಿಂಗಳಾಗಿತ್ತು. ಮುಖ್ಯಸ್ಥೆ ಮರುಕದಿಂದಲೇ ಮಾತಾಡಿದರು, ಮುಂದಿನ ವರ್ಷ ಅರ್ಜಿ ಹಾಕಲಿ ಅಂದರು. ಮುಂದಿನ ವರ್ಷ ಹಾಕಿದಳು. ಹಳೆಯ ಫೈಲಿನಲ್ಲಿ ಎರಡು ಸರ್ಟಿಫಿಕೇಟು ಇದ್ದವು, ಒಂದರಲ್ಲಿ ಒಂದು ರೋಗ, ಇನ್ನೊಂದರಲ್ಲಿ ಇನ್ನೊಂದು. ಯಾವುದು ನಿಜ ಅನ್ನುವುದನ್ನು ಸ್ಪಷ್ಟಪಡಿಸಬೇಕು ಅಂತ ಅರ್ಜಿಯನ್ನು ತಡೆದಿಟ್ಟರು. ಸ್ಪಷ್ಟವಾಗುವುದರೊಳಗೆ ಪ್ರವೇಶ ಮುಗಿಯಿತು. ಈ ನಡುವೆ ನೋಡಲು ಬಂದ ಒಂದು ಸಂಬಂಧವೂ ಹಿಂದಕ್ಕೆ ಹೋಯಿತಂತೆ. ಅದಕ್ಕೆ ಇದೇ ಕಾರಣವೋ ಬೇರೆಯೋ, ಕೇಳುವ ಮುಖ ನನಗಿರಲಿಲ್ಲ.

ಮೂರನೆಯ ವರ್ಷ ಅವಳು ಯಾರನ್ನೂ ಕೇಳದೆ ಶಿವಮೊಗ್ಗದ ಕಡೆ ಅರ್ಜಿ ಹಾಕಿದಳು. ಹಳೆಯ ಕಾಗದ ಒಂದನ್ನೂ ಜೊತೆಗೆ ಇಡಲಿಲ್ಲ. ಸೇರಿದಳು, ತರಬೇತಿ ಮುಗಿಸಿದಳು. ಇದು ನನಗೆ ಗೊತ್ತಾಗಿದ್ದು ಅವಳ ತಂದೆಯಿಂದ. ನಮ್ಮೂರ ಪಕ್ಕದ ನಿಟ್ಟುವಳ್ಳಿಯ ಒಂದು ಮನೆಯ ಮುಂದೆ ತಿದಿ ಒತ್ತುತ್ತ ಕೂತಿದ್ದವರನ್ನು, ಹರಿಹರದವರು ಅಂತ ಕೇಳಿ ತಿಳಿದು, ನಾನೇ ಮಾತಾಡಿಸಿದೆ. ನಾನು ಯಾರು ಅಂತ ಹೇಳಿದ ಮೇಲೆ ಅವರು ಕೈಯಲ್ಲಿದ್ದ ಕೊಳಗವನ್ನು ಉಜ್ಜುತ್ತಲೇ, "ಹುಡುಗಿ ಮಾಸ್ತರಿಕೆ ಮಾಡ್ತಾಳ್ರಿ, ಮಲೆಬೆನ್ನೂರಿನ ಹತ್ರ," ಅಂದರು.

ಅವಳನ್ನು ಮತ್ತೆ ನೋಡಿದ್ದು ಇನ್ನೂ ಒಂದು ವರ್ಷದ ಮೇಲೆ, ಹರಿಹರದ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ. ನಾನು ಕಂಡರೂ ಕಾಣದವನ ಹಾಗೆ ನಿಂತಿದ್ದೆ. ಅವಳೇ ಹತ್ತಿರ ಬಂದಳು.

"ಆರಾಮಾ ಸರ್?"

"ಆರಾಮು. ನೀವು?" ಅಂದೆ. ಟೀಚರಿಗೆ ನೀನು ಅನ್ನಲಿಕ್ಕೆ ಬಾಯಿ ಬರಲಿಲ್ಲ.

"ಇದೀನಿ. ಶಾಲೆಯಾಗೆ ಹುಡುಗೀರಿಗೆ ಪಾಯಿಖಾನೆಗೆ ಅಂತ ತಟ್ಟಿ ಕಟ್ಟಿಸಿ ಮರೆ ಮಾಡ್ಸಿದೀನಿ. ಮೇಷ್ಟ್ರುಗಳು ನಗ್ತಾರೆ, ನಗ್ಲಿ." ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದಳು. "ಇನ್ನೂ ಅದೇ ಕೆಲ್ಸಾನಾ?"

"ಇಲ್ಲ, ಉಗ್ರಾಣ ನೋಡ್ಕೊಂತೀನಿ."

"ಮತ್ತೆ ನಂಬರ್ ಬರೆಯೋರು?"

"ಬೇರೆಯೋರು ಅದಾರೆ."

"ಅವರಿಗೆ ನನ್ನ ಸಂಗತಿ ಹೇಳಿದೀರೇನು?"

ನಾನು ಹೇಳಿರಲಿಲ್ಲ. ಅಷ್ಟು ವರ್ಷ ಅದೇ ಆಸ್ಪತ್ರೆಯಲ್ಲಿ ಅವರ ಪಕ್ಕದ ಕೋಣೆಯಲ್ಲೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ನನ್ನ ತಪ್ಪು ನಾನೇ ಯಾಕೆ ಬಿಚ್ಚಿಡಬೇಕು ಅಂತಲೋ, ನನ್ನನ್ನು ಆ ಕೆಲಸದಿಂದ ತೆಗೆದರಲ್ಲ ಅನ್ನುವ ಸಿಟ್ಟಿಗೋ, ಸುಮ್ಮನಿದ್ದೆ. ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಮಲೆಬೆನ್ನೂರಿನ ಬಸ್ಸು ಬಂತು. "ಹೇಳ್ರಿ ಸರ್," ಅಂದು ಹತ್ತಿಕೊಂಡಳು.

ಮರುದಿನ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ಆ ಗುಮಾಸ್ತರಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ, "ಮೊದಲೇ ಹೇಳಬಾರದಿತ್ತೇನ್ರಿ? ಇಂಥವು ನಾನೂ ಮೂರು ನಾಲ್ಕು ಬರೆದೀನಿ," ಅಂದರು.

ಅವರನ್ನು ಹುಡುಕಿ ಹೇಳೋಣ ಅಂತ ಇಬ್ಬರೂ ಕೂತು ಹಳೆಯ ರಿಜಿಸ್ಟರುಗಳನ್ನು ಇಳಿಸಿ ಧೂಳು ಒರೆಸಿ ಹಾಳೆ ತಿರುವಿದೆವು. ನಾಲ್ಕು ಸಿಕ್ಕವು. ಎರಡು ದಾವಣಗೆರೆಯವೇ, ಒಂದು ಆನಗೋಡಿನದು. ನಾಲ್ಕನೆಯದರಲ್ಲಿ ಒಂಬತ್ತು ವರ್ಷದ ಹೆಣ್ಣುಮಗು ಅಂತಿತ್ತು, ನಂಬರು ಚೆನ್ನಾಗಿ ಗುಂಡಗೆ ಬರೆದಿತ್ತು. ವಿಳಾಸದ ಕಾಲಮ್ಮಿನಲ್ಲಿ ಏನೂ ಇರಲಿಲ್ಲ.